ತಪಸ್ಸಿನ ಕಾಲವೂ ದೇವರ ಪ್ರೀತಿಯ ಆಳವೂ



ಕ್ರೈಸ್ತ ಬಾಂಧವರು ತಪಸ್ಸಿನ ಕಾಲವೆಂದು ಆಚರಿಸುವ ನಲವತ್ತು ದಿನಗಳ ವಿಚಾರವಾಗಿ ಈ ಹೊತ್ತು ಕೆಲವು ಮಾತುಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಇಂಗ್ಲಿಷಿನಲ್ಲಿ ಈ ಕಾಲಕ್ಕೆ ಲೆಂಟ್ ಎಂದು ಹೆಸರು. ಆ ಹೆಸರಿನ ಮೂಲವನ್ನು ಹುಡುಕಿಕೊಂಡು ಹೋದರೆ ಅಲ್ಲಿ ಉಪವಾಸವೂ ಇಲ್ಲ, ವ್ರತವೂ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ವಸಂತಋತುವಿನ ಹೆಸರು. ಹಗಲು ದೀರ್ಘವಾಗುತ್ತ ಬರುವ ಕಾಲವೆಂಬುದು ಅದರ ಮೂಲಾರ್ಥವೆಂದು ಶಬ್ದಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ನಾಡಿನಲ್ಲಿಯೂ ಹೊಂಗೆ ಚಿಗುರಿ, ಮಾವು ಮಿಡಿಗಟ್ಟುವ ದಿನಗಳಲ್ಲಿಯೇ ಇದು ಬರುತ್ತದೆ. ಪಾಶ್ಚಾತ್ಯ ಸಂಪ್ರದಾಯದಲ್ಲಿ ಬೂದಿ ಬುಧವಾರದಿಂದ ಈಸ್ಟರ್ ಹಬ್ಬದ ಹಿಂದಿನ ದಿನದವರೆಗೆ 46 ದಿನಗಳಾಗುತ್ತವೆ. ನಡುವಣ ಆರು ಭಾನುವಾರಗಳು ಉಪವಾಸದ ದಿನಗಳಲ್ಲವಾದ್ದರಿಂದ ಅವನ್ನು ಕಳೆದು 40 ಎಂದು ಎಣಿಸುತ್ತಾರೆ. ಯೇಸುಸ್ವಾಮಿಯು ಬೋಧನೆಯನ್ನು ಆರಂಭಿಸುವ ಮುನ್ನ ಅಡವಿಯಲ್ಲಿ 40 ದಿವಸ ಉಪವಾಸವಿದ್ದನೆಂಬ ಸುವಾರ್ತೆಯ ಕಥೆಯೇ ಈ ಸಂಖ್ಯೆಗೆ ಆಧಾರ. ಕ್ರಿ.ಶ. 325ರಲ್ಲಿ ನೈಸೀಯ ಪಟ್ಟಣದಲ್ಲಿ ನೆರೆದ ಧರ್ಮಸಭೆಯ ನಿಯಮಗಳಲ್ಲಿ ಆಗಲೇ ಈ ನಲವತ್ತರ ಪ್ರಸ್ತಾಪವುಂಟು.

ಈ ಕಾಲದಲ್ಲಿ ಮಾಡತಕ್ಕದ್ದೆಂದು ಹಿರಿಯರು ವಿಧಿಸಿರುವುದು ಮೂರು: ಪ್ರಾರ್ಥನೆ, ಉಪವಾಸ, ದಾನ. ಈ ಮೂರೂ ಮನುಷ್ಯನು ಮಾಡುವ ಕೆಲಸಗಳು. ಆದಕಾರಣ ನೋಡುವವರಿಗೆ, ಎಷ್ಟೋ ವೇಳೆ ಆಚರಿಸುವವರಿಗೂ ಸಹ, ಇದು ದೇವರಿಗೆ ನಾವು ಸಲ್ಲಿಸುವ ಒಂದು ಬಗೆಯ ಕಂದಾಯವೆಂಬ ಭಾವನೆ ಬಂದುಬಿಡುತ್ತದೆ. ಇಷ್ಟು ದಿನ ಮಾಂಸ ಬಿಟ್ಟೆವು, ಇಷ್ಟು ಜಪ ಮಾಡಿದೆವು, ಇಷ್ಟು ಹಣ ಕೊಟ್ಟೆವು. ಇನ್ನು ಆತನ ಪ್ರೀತಿ ನಮ್ಮ ಕಡೆಗೆ ತಿರುಗಬಹುದು ಎಂಬ ಲೆಕ್ಕಾಚಾರ ಮನಸ್ಸಿನ ಒಂದು ಮೂಲೆಯಲ್ಲಿ ನಡೆಯುತ್ತಿರುತ್ತದೆ. ಈ ದೋಷ ಒಂದು ಮತಕ್ಕೆ ಸೇರಿದ್ದಲ್ಲ. ವ್ರತವೆಂಬುದು ಇರುವ ಕಡೆಯೆಲ್ಲ ಅದರ ನೆರಳಿನಂತೆ ಈ ವ್ಯಾಪಾರಬುದ್ಧಿಯೂ ಇರುತ್ತದೆ. ಆದರೆ ತಪಸ್ಸಿನ ಕಾಲವು ಯಾವ ವಾರದಲ್ಲಿ ಮುಗಿಯುತ್ತದೆಯೋ ಆ ವಾರದ ಕಥೆಯನ್ನು ಓದಿದವರಿಗೆ, ಇಲ್ಲಿ ಮೊದಲು ಖರ್ಚು ಮಾಡಿದವನು ಮನುಷ್ಯನಲ್ಲ, ದೇವರು ಎಂಬುದು ತಿಳಿಯದೆ ಹೋಗದು. ಆ ಪ್ರೀತಿ ಎಷ್ಟು ಆಳದ್ದು ಎಂಬುದೇ ನನ್ನ ಇಂದಿನ ವಿಷಯ.

ಬಾವಿಯ ಆಳವನ್ನು ತಿಳಿಯಬೇಕಾದರೆ ದಡದಲ್ಲಿ ನಿಂತು ಅದರ ಗುಣಗಾನ ಮಾಡಿದರೆ ಸಾಲದು; ಹಗ್ಗವನ್ನು ಇಳಿಬಿಡಬೇಕು. ಪ್ರೀತಿಯ ಆಳವನ್ನು ತಿಳಿಯುವ ಬಗೆಯೂ ಅದೇ. ಅದು ಎಲ್ಲಿಯವರೆಗೆ ಇಳಿದೀತು, ಯಾವ ಮೆಟ್ಟಿಲಿನಲ್ಲಿ ಇನ್ನು ಸಾಕೆಂದು ನಿಂತೀತು ಎಂದು ನೋಡಬೇಕು. ಇದಕ್ಕಾಗಿ ನಾನು ಶಿಲುಬೆಯ ಶುಕ್ರವಾರವನ್ನು ಎತ್ತಿಕೊಳ್ಳದೆ, ಅದರ ಹಿಂದಿನ ಸಂಜೆಯನ್ನು ಎತ್ತಿಕೊಳ್ಳುತ್ತೇನೆ. ಶಿಲುಬೆಯ ಮುಂದೆ ನಮಗೆ ಭಯವೂ ಮರುಕವೂ ಉಂಟಾಗಿ ಮಾತು ನಿಲ್ಲುತ್ತದೆ. ಹಿಂದಿನ ಸಂಜೆಯ ಸಂಗತಿಯಾದರೋ ನಮ್ಮ ಮನೆಯ ಹಿತ್ತಲಿನ ಸಂಗತಿಯಂತೆ ಸಣ್ಣದು, ಒಂದು ಬೋಗುಣಿ ನೀರು ಮತ್ತು ಒಂದು ತುಂಡು ಬಟ್ಟೆಯ ಸಂಗತಿ.

ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಈ ವೃತ್ತಾಂತ ಬರುತ್ತದೆ. ಯೆರೂಸಲೇಮಿನಲ್ಲಿ ಪಸ್ಕ ಹಬ್ಬದ ಕಾಲ. ಯೇಸುವೂ ಶಿಷ್ಯರೂ ಊಟಕ್ಕೆ ಕುಳಿತಿದ್ದಾರೆ. ಗುರುವು ನಡುವೆ ಎದ್ದು, ಮೇಲುಬಟ್ಟೆಯನ್ನು ತೆಗೆದಿಟ್ಟು, ಸೊಂಟಕ್ಕೆ ಅಂಗವಸ್ತ್ರವನ್ನು ಕಟ್ಟಿಕೊಂಡು, ಬೋಗುಣಿಗೆ ನೀರು ಹಾಕಿ, ಒಬ್ಬೊಬ್ಬ ಶಿಷ್ಯನ ಕಾಲನ್ನೂ ತೊಳೆದು, ಕಟ್ಟಿಕೊಂಡ ಬಟ್ಟೆಯಿಂದಲೇ ಒರಸುತ್ತಾನೆ. ಬೇರೆ ಮೂವರು ಸುವಾರ್ತಿಕರು ಆ ರಾತ್ರಿಯ ಮುಖ್ಯ ಸಂಗತಿಯಾಗಿ ರೊಟ್ಟಿ ಮುರಿದು ದ್ರಾಕ್ಷಾರಸವನ್ನು ಹಂಚಿದುದನ್ನು ಹೇಳುತ್ತಾರೆ. ಯೋಹಾನನು ಅದನ್ನು ವರ್ಣಿಸದೆ, ಆ ಸ್ಥಾನದಲ್ಲಿ ಕಾಲು ತೊಳೆದ ಕಥೆಯನ್ನು ಇಟ್ಟಿದ್ದಾನೆ.

ಅದು ಧೂಳಿನ ದೇಶ. ಜನರು ಕೆರ ಮೆಟ್ಟಿ ನಡೆಯುತ್ತಿದ್ದರು. ಬಂದ ಅತಿಥಿಗೆ ಕಾಲಿಗೆ ನೀರು ಕೊಡುವುದು ನಮ್ಮಲ್ಲಿರುವಂತೆ ಅವರಲ್ಲಿಯೂ ಮರ್ಯಾದೆ. ಆದರೆ ನೀರು ಕೊಡುವುದು ಬೇರೆ, ಕಾಲು ತೊಳೆಯುವುದು ಬೇರೆ. ತೊಳೆಯುವುದು ದಾಸ್ಯದ ಕೆಲಸ. ಯೆಹೂದ್ಯ ಗುಲಾಮನಿಂದ ಅವನ ಒಡೆಯನು ಈ ಕೆಲಸವನ್ನು ಮಾಡಿಸಕೂಡದೆಂದು ಯೆಹೂದ್ಯರ ಪ್ರಾಚೀನ ಧರ್ಮವ್ಯಾಖ್ಯಾನವೊಂದರಲ್ಲಿ ವಿಧಿಯಿದೆ. ಗುಲಾಮನಿಗೂ ತಕ್ಕುದಲ್ಲವೆಂದು ಎಣಿಸಿದ್ದ ಕೆಲಸವನ್ನು ಗುರುವು ಕೈಗೆತ್ತಿಕೊಂಡನೆಂದ ಮೇಲೆ, ಅಲ್ಲಿದ್ದವರಿಗೆ ಉಂಟಾದ ಗಾಬರಿಯನ್ನು ನಾವು ಊಹಿಸಬಹುದು.

ನಮಗಂತೂ ಈ ಗಾಬರಿ ಇನ್ನೂ ಚೆನ್ನಾಗಿ ಅರ್ಥವಾಗತಕ್ಕದ್ದು. ಪಾದಪೂಜೆಯೆಂಬುದು ನಮ್ಮ ರಕ್ತದಲ್ಲಿದೆ. ಆದರೆ ಅದರ ಹರಿವು ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಶಿಷ್ಯನು ಗುರುವಿನ ಕಾಲನ್ನು ತೊಳೆಯುತ್ತಾನೆ, ಮಗನು ತಂದೆಯ ಕಾಲನ್ನು, ಭಕ್ತನು ಸ್ವಾಮಿಯ ಕಾಲನ್ನು. ಮದುವೆಯಲ್ಲಿ ಕನ್ಯೆಯ ತಂದೆ ತನಗಿಂತ ಕಿರಿಯನಾದ ವರನ ಕಾಲು ತೊಳೆಯುವುದುಂಟಷ್ಟೆ. ಅಲ್ಲಿಯೂ ಆ ಹೊತ್ತಿಗೆ ವರನು ವಿಷ್ಣುಸ್ವರೂಪನೆಂಬ ಭಾವನೆಯಿಂದ ಅವನನ್ನು ಮೇಲಕ್ಕೇರಿಸಿಯೇ ತೊಳೆಯುವುದು. ಇದಕ್ಕೆ ಎದುರಾದ ಚಿತ್ರಗಳು ನಮ್ಮ ಪುರಾಣಗಳಲ್ಲಿ ಇಲ್ಲದೆ ಇಲ್ಲ. ಧರ್ಮರಾಯನ ರಾಜಸೂಯದಲ್ಲಿ ಶ್ರೀಕೃಷ್ಣನು ಬ್ರಾಹ್ಮಣರ ಪಾದ ತೊಳೆಯುವ ಕೆಲಸವನ್ನು ತಾನಾಗಿ ವಹಿಸಿಕೊಂಡನೆಂದು ಮಹಾಭಾರತ ಹೇಳುತ್ತದೆ. ಹರಕುಬಟ್ಟೆಯ ಕುಚೇಲನು ಬಂದಾಗ ಮಂಚದಿಂದಿಳಿದು ಬಂದು ಅವನ ಕಾಲು ತೊಳೆದುದನ್ನು ಭಾಗವತದಲ್ಲಿ ಕೇಳಿ ಕಣ್ಣೀರಿಡದವರು ಕಡಮೆ. ದೇವರು ಬಾಗಿದನೆಂಬ ಕಥೆಗೆ ಈ ನಾಡಿನ ಜನ ಎಂದೂ ಕಿವಿಗೊಟ್ಟವರೇ. ಆ ಕಿವಿಯಿಂದಲೇ ಯೋಹಾನನ ಕಥೆಯನ್ನೂ ಕೇಳಿದರೆ, ಅದರಲ್ಲಿ ಮೂರು ವಿಶೇಷಗಳು ನಮಗೆ ಕಾಣುತ್ತವೆ.

ಮೊದಲನೆಯದು, ಗುರುವು ತನ್ನ ಹಿರಿತನವನ್ನು ಮರೆತು ಈ ಕೆಲಸ ಮಾಡಲಿಲ್ಲ ಎಂಬುದು. ದೊಡ್ಡವರು ಒಮ್ಮೊಮ್ಮೆ ಉತ್ಸಾಹದಲ್ಲಿ ತಮ್ಮ ಅಂತಸ್ತನ್ನು ಮರೆಯುವುದುಂಟು. ಮರುದಿನ ಅದು ನೆನಪಿಗೆ ಬಂದು ಮತ್ತೆ ಮೊದಲಿನಂತಾಗುವುದೂ ಉಂಟು. ಯೋಹಾನನಾದರೋ ಬಹಳ ಎಚ್ಚರದಿಂದ ಬರೆಯುತ್ತಾನೆ. ಸಮಸ್ತವೂ ತನ್ನ ಕೈಯಲ್ಲಿ ಒಪ್ಪಿಸಲ್ಪಟ್ಟಿದೆಯೆಂದೂ, ತಾನು ದೇವರಿಂದ ಬಂದು ದೇವರ ಬಳಿಗೇ ಹೋಗುವವನೆಂದೂ ಯೇಸುವಿಗೆ ತಿಳಿದಿತ್ತು. ಹಾಗೆ ತಿಳಿದಿದ್ದೇ ಎದ್ದು ಸೊಂಟಕ್ಕೆ ಬಟ್ಟೆ ಕಟ್ಟಿದನು ಎಂಬುದು ಆ ವಾಕ್ಯಗಳ ತಾತ್ಪರ್ಯ. ಅರಸನು ಮಾರುವೇಷದಲ್ಲಿ ಬೀದಿಗಿಳಿದಂತೆ ಇದು ವೇಷವಲ್ಲ. ದೇವರ ಹಿರಿಮೆಯೆಂದರೆ ಏನು ಎಂಬ ಪ್ರಶ್ನೆಗೆ ಕೊಟ್ಟ ಉತ್ತರವೇ ಅದು. ಸಿಂಹಾಸನದ ಮೇಲೆ ಕಂಡಷ್ಟೇ ಸಂಪೂರ್ಣವಾಗಿ ಬೋಗುಣಿಯ ಮುಂದೆಯೂ ಆತನು ದೇವರಾಗಿ ಕಾಣುತ್ತಾನೆಂಬುದು ಈ ಸುವಾರ್ತಿಕನ ನಂಬಿಕೆ. ಈ ಅಧ್ಯಾಯದ ಆರಂಭದಲ್ಲಿ, ತನ್ನವರನ್ನು ಆತನು ಕೊನೆಯವರೆಗೂ ಪ್ರೀತಿಸಿದನೆಂಬ ಅರ್ಥದ ಮಾತು ಬರುತ್ತದೆ. ಅಲ್ಲಿರುವ ಗ್ರೀಕ್ ಪದಗಳಿಗೆ ಎರಡು ಅರ್ಥ: ಕಾಲದ ಕೊನೆಯವರೆಗೆ ಎಂಬುದೊಂದು, ಇನ್ನು ಮುಂದೆ ಹೋಗಲು ಎಡೆಯಿಲ್ಲದಷ್ಟು ಪೂರ್ಣವಾಗಿ ಎಂಬುದೊಂದು.

ಎರಡನೆಯದು, ಆ ಹನ್ನೆರಡು ಮಂದಿಯಲ್ಲಿ ಯೂದನೂ ಇದ್ದನು ಎಂಬುದು. ಯೂದನು ಎದ್ದು ಹೊರಗೆ ಹೋದುದು ಕಾಲು ತೊಳೆದಾದ ಮೇಲೆ. ಅಂದರೆ ಗುರುವಿನ ಕೈ ಅವನ ಕಾಲನ್ನೂ ಮುಟ್ಟಿತು. ಅವನ ಮನಸ್ಸಿನಲ್ಲಿ ಏನಿದೆಯೆಂಬುದನ್ನು ತಿಳಿಯದೆ ಮುಟ್ಟಿದುದಲ್ಲ, ತಿಳಿದೇ ಮುಟ್ಟಿದುದು. ಹಳೆಯ ಕೀರ್ತನೆಯೊಂದರಲ್ಲಿ, ತನ್ನ ಅನ್ನವನ್ನುಂಡವನೇ ತನ್ನ ಮೇಲೆ ಹಿಮ್ಮಡಿಯನ್ನೆತ್ತಿದನೆಂದು ಒಬ್ಬ ನೊಂದವನು ಮೊರೆಯಿಡುತ್ತಾನೆ. ಯೇಸುವು ಆ ಮಾತನ್ನು ಯೂದನ ವಿಚಾರವಾಗಿಯೇ ನೆನೆಯುತ್ತಾನೆಂದು ಯೋಹಾನನು ಬರೆದಿದ್ದಾನೆ. ತನ್ನನ್ನು ಒದೆಯಲೆಂದು ಎತ್ತಿದ ಹಿಮ್ಮಡಿ ಯಾವುದೋ ಅದೇ ಹಿಮ್ಮಡಿಯನ್ನು ಸ್ವಲ್ಪ ಹೊತ್ತಿನ ಹಿಂದೆ ಆತನು ಅಂಗೈಯಲ್ಲಿ ಹಿಡಿದು ತೊಳೆದಿದ್ದನು. ಕುಚೇಲನ ಪಾದವನ್ನು ತೊಳೆದ ಪ್ರೀತಿ ನಮಗೆ ಹಿತವಾಗಿದೆ, ಏಕೆಂದರೆ ನಾವೆಲ್ಲರೂ ಕುಚೇಲನ ಕಡೆಯವರು. ಯೂದನ ಪಾದವನ್ನು ತೊಳೆದ ಪ್ರೀತಿಯ ಮುಂದೆ ನಮ್ಮ ಮನಸ್ಸು ಹಿಂಜರಿಯುತ್ತದೆ.

ಇದು ನ್ಯಾಯವೇ ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. ಅಧ್ಯಾಪಕ ವೃತ್ತಿಯಲ್ಲಿರುವ ನನ್ನಂಥವರಿಗೆ ಅಂಕ ಕೊಡುವುದು ಅಭ್ಯಾಸ. ಓದಿದವನಿಗೂ ಓದದವನಿಗೂ ಒಂದೇ ಅಂಕವಾದರೆ ಪರೀಕ್ಷೆಗೆ ಅರ್ಥವಿಲ್ಲ. ದ್ರೋಹಿಗೂ ನಿಷ್ಠನಿಗೂ ಒಂದೇ ಬೋಗುಣಿಯ ನೀರಾದರೆ ನಿಷ್ಠೆಗೆ ಬೆಲೆಯೇನು? ಇದಕ್ಕೆ ಉತ್ತರವಾಗಿ ಎರಡು ಮಾತುಗಳನ್ನು ಹೇಳಬಹುದೆಂದು ತೋರುತ್ತದೆ. ದ್ರೋಹವನ್ನು ದ್ರೋಹವಲ್ಲವೆಂದು ಯೇಸುವು ಎಲ್ಲಿಯೂ ಹೇಳಲಿಲ್ಲ. ತನ್ನನ್ನು ಒಪ್ಪಿಸಿಕೊಡುವವನು ನಿಮ್ಮಲ್ಲೇ ಇದ್ದಾನೆಂದು ಆ ಊಟದಲ್ಲಿಯೇ ಬಾಯಿಬಿಟ್ಟು ಹೇಳಿದನು, ಆತನ ಮನಸ್ಸು ಆಗ ಕಲಕಿತ್ತೆಂದೂ ಯೋಹಾನನು ತಿಳಿಸುತ್ತಾನೆ. ಕಣ್ಣು ಮುಚ್ಚಿಕೊಂಡು ಪ್ರೀತಿಸುವುದಕ್ಕೆ ಆಳ ಬೇಕಿಲ್ಲ. ಕಣ್ಣು ತೆರೆದು, ನೋವನ್ನು ತಾನೇ ನುಂಗಿ ಪ್ರೀತಿಸುವುದಕ್ಕೆ ಬೇಕು. ಎರಡನೆಯ ಮಾತು: ಆ ಪ್ರೀತಿ ಯೂದನನ್ನು ಕಟ್ಟಿಹಾಕಲಿಲ್ಲ. ತೊಳೆದ ಕಾಲಿನಲ್ಲಿಯೇ ಅವನು ಎದ್ದು ರಾತ್ರಿಯ ಕತ್ತಲೆಗೆ ನಡೆದುಹೋದನು. ತಡೆಯಬಲ್ಲವನು ತಡೆಯಲಿಲ್ಲ. ಪ್ರೀತಿಯು ಬಲಾತ್ಕಾರಕ್ಕಿಳಿದರೆ ಅದು ಪ್ರೀತಿಯಾಗಿ ಉಳಿಯದು. ನಾವು ಕೊಡುವ ಅಂಕಗಳು ಕೆಲಸಕ್ಕೆ ಬೇಕು, ನ್ಯಾಯಾಸ್ಥಾನಗಳಿಗೂ ಬೇಕು. ಆದರೆ ತಾಯಿಯು ತನ್ನ ಮಕ್ಕಳಿಗೆ ಅಂಕ ಕೊಟ್ಟು ಅನ್ನ ಬಡಿಸುವುದಿಲ್ಲ. ದೇವರ ಪ್ರೀತಿಯನ್ನು ಯೋಚಿಸುವಾಗ ಪರೀಕ್ಷಾ ಮಂದಿರಕ್ಕಿಂತ ಅಡಿಗೆಯ ಮನೆ ನಮಗೆ ಹೆಚ್ಚು ನೆರವಾದೀತು.

ಮೂರನೆಯದು ಪೇತ್ರನ ಹಟ. ಗುರುವು ತನ್ನ ಬಳಿಗೆ ಬಂದಾಗ ಪೇತ್ರನು ಕಾಲನ್ನು ಹಿಂದಕ್ಕೆಳೆದುಕೊಂಡವನಂತೆ, ಎಂದೆಂದಿಗೂ ಇದು ಕೂಡದೆಂದನು. ತೊಳೆಯಿಸಿಕೊಳ್ಳದಿದ್ದರೆ ನಿನಗೂ ನನಗೂ ಪಾಲಿಲ್ಲವೆಂದು ಗುರುವು ಹೇಳಿದ ಮೇಲೆ, ಹಾಗಾದರೆ ಕೈಯನ್ನೂ ತಲೆಯನ್ನೂ ತೊಳೆದುಬಿಡು ಎಂದನು. ಎರಡರಲ್ಲಿಯೂ ಮನುಷ್ಯಸ್ವಭಾವ ಎಷ್ಟು ಸಹಜವಾಗಿ ಮೂಡಿದೆ ನೋಡಿ! ಮೇಲ್ನೋಟಕ್ಕೆ ಪೇತ್ರನ ಮೊದಲ ಮಾತು ವಿನಯದ ಮಾತು. ಒಳಗೆ ಹೊಕ್ಕು ನೋಡಿದರೆ ಅಲ್ಲಿ ಒಂದು ಬಗೆಯ ಅಭಿಮಾನವೂ ಇದೆ. ಗುರುಸೇವೆ ಮಾಡಲು ಅವನು ಸಿದ್ಧ. ಪ್ರಾಣವನ್ನು ಕೊಡಲು ಸಿದ್ಧನೆಂದು ಅದೇ ರಾತ್ರಿ ಹೇಳುತ್ತಾನೆ. ಆದರೆ ತನ್ನ ಧೂಳು ಹಿಡಿದ ಕಾಲನ್ನು ಮುಂದೆ ಚಾಚಿ ಸುಮ್ಮನೆ ಕುಳಿತಿರುವುದು ಅವನಿಂದಾಗದು.

ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡವರಿಗೆ ಇದರ ಅನುಭವ ಉಂಟು. ಎಪ್ಪತ್ತು ವರ್ಷ ಮನೆಮಂದಿಗೆಲ್ಲ ದುಡಿದ ಅಜ್ಜಿ, ಸೊಸೆಯು ಬಿಸಿನೀರು ತಂದು ಮೈ ಒರಸಲು ಕುಳಿತರೆ, ಬೇಡವೆಂದು ಮುಖ ತಿರುಗಿಸಿ ಅಳುತ್ತಾಳೆ. ಆ ಅಳು ನೋವಿನದಲ್ಲ. ತನ್ನಿಂದ ಇನ್ನು ಯಾರಿಗೂ ಪ್ರಯೋಜನವಿಲ್ಲ, ಆದರೂ ತನ್ನನ್ನು ಇವರು ಬಿಡರು ಎಂಬ ಸಂಗತಿ ಎದುರು ಬಂದು ನಿಂತಾಗಿನ ಅಳು ಅದು. ನಾವು ಯೋಗ್ಯರಾಗಿದ್ದಾಗ ನಮ್ಮನ್ನು ಪ್ರೀತಿಸಿದರೆ, ಅದು ನಮ್ಮ ಯೋಗ್ಯತೆಗೆ ಸಂದದ್ದೆಂದು ಇಟ್ಟುಕೊಳ್ಳಬಹುದು. ಯೋಗ್ಯತೆಯೆಲ್ಲ ಕಳಚಿಬಿದ್ದ ಮೇಲೂ ಪ್ರೀತಿ ಬಂದರೆ ಅದನ್ನು ಯಾವ ಖಾತೆಗೆ ಬರೆಯೋಣ? ತಪಸ್ಸಿನ ಕಾಲದ ಉಪವಾಸಕ್ಕೆ ಇಲ್ಲಿ ಒಂದು ಹೊಸ ಅರ್ಥ ಹೊಳೆಯುತ್ತದೆ. ಹೊಟ್ಟೆ ಬರಿದಾದಾಗ ಮನುಷ್ಯನಿಗೆ ತಾನು ಸ್ವಯಂಪೂರ್ಣನೆಂಬ ಭ್ರಮೆ ಸ್ವಲ್ಪ ಕರಗುತ್ತದೆ. ಬೂದಿ ಬುಧವಾರದಲ್ಲಿ ಹಣೆಗೆ ಬೂದಿ ಇಟ್ಟು, ನೀನು ಮಣ್ಣಿನಿಂದಾದವನೆಂದು ನೆನಪು ಮಾಡಿಕೊಡುವುದೂ ಇದಕ್ಕೆ. ದೇವರಿಗೆ ಸಲ್ಲಿಸುವ ಕಂದಾಯವಾಗಿ ಉಪವಾಸಕ್ಕೆ ಬೆಲೆಯಿಲ್ಲ. ಕಾಲನ್ನು ಮುಂದೆ ಚಾಚಲು ಕಲಿಸುವ ಅಭ್ಯಾಸವಾಗಿ ಅದಕ್ಕೆ ಬಹಳ ಬೆಲೆಯುಂಟು.

ಈ ಸಂಜೆಯ ನೆನಪನ್ನು ಕ್ರೈಸ್ತಸಭೆಯು ಹೇಗೆ ಉಳಿಸಿಕೊಂಡು ಬಂದಿತೆಂಬುದೂ ವಿಚಾರ ಮಾಡತಕ್ಕದ್ದು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ತನ್ನ ಮಠದ ಸನ್ಯಾಸಿಗಳಿಗೆ ಬರೆದ ನಿಯಮಾವಳಿಯಲ್ಲಿ, ಬಂದ ಅತಿಥಿಗಳ ಕಾಲನ್ನು ಮಠಾಧಿಪತಿಯೂ ಉಳಿದವರೂ ಕೂಡಿ ತೊಳೆಯತಕ್ಕದ್ದೆಂದು ವಿಧಿಸಿದ್ದಾನೆ. ಇಂಗ್ಲೆಂಡಿನಲ್ಲಿ ಈ ಗುರುವಾರವನ್ನು ಮಾಂಡಿ ಗುರುವಾರವೆನ್ನುತ್ತಾರೆ. ಆಜ್ಞೆಯೆಂಬ ಅರ್ಥದ ಮಾಂಡಾಟುಮ್ ಎಂಬ ಲ್ಯಾಟಿನ್ ಶಬ್ದದ ತದ್ಭವವದು. ತಾನು ಪ್ರೀತಿಸಿದಂತೆ ನೀವೂ ಒಬ್ಬರನ್ನೊಬ್ಬರು ಪ್ರೀತಿಸಬೇಕೆಂದು ಆ ರಾತ್ರಿ ಕೊಟ್ಟ ಹೊಸ ಆಜ್ಞೆಯೇ ಇದು. ಅಲ್ಲಿನ ಅರಸರು ಬಹು ಕಾಲ ಆ ದಿನ ಬಡವರ ಕಾಲು ತೊಳೆಯುತ್ತಿದ್ದರು. 1570ರ ದಶಕದ ಆರಂಭದಲ್ಲಿ ಎಲಿಜಬೆತ್ ರಾಣಿಯು ಗ್ರೀನಿಚ್ ಅರಮನೆಯಲ್ಲಿ ತನ್ನ ವಯಸ್ಸಿಗೆ ಸರಿಯಾಗಿ 39 ಮಂದಿ ಬಡ ಹೆಂಗಸರ ಕಾಲು ತೊಳೆದುದನ್ನು ವಿಲಿಯಂ ಲ್ಯಾಂಬರ್ಡ್ ಎಂಬ ವಿದ್ವಾಂಸನು ವಿವರವಾಗಿ ಬರೆದಿಟ್ಟಿದ್ದಾನೆ. ರಾಣಿಯು ಬರುವ ಮುನ್ನ ಅಗಸರ ಇಲಾಖೆಯವರೊಮ್ಮೆ, ದಾನಾಧಿಕಾರಿಯ ಸಹಾಯಕನೊಮ್ಮೆ, ದಾನಾಧಿಕಾರಿಯೊಮ್ಮೆ, ಹೀಗೆ ಮೂರು ಸಲ ಆ ಕಾಲುಗಳನ್ನು ತೊಳೆದಿದ್ದರು! ನಾಲ್ಕನೆಯ ಸಲ ಮುಟ್ಟಲು ಅಲ್ಲಿ ಧೂಳೇ ಉಳಿದಿರಲಿಲ್ಲ. ಮುಂದಿನ ಶತಮಾನದ ಕೊನೆಯ ಹೊತ್ತಿಗೆ ಅರಸರು ಸ್ವತಃ ತೊಳೆಯುವುದೇ ನಿಂತುಹೋಯಿತು. ಈಗ ಅದಕ್ಕಾಗಿಯೇ ಅಚ್ಚೊತ್ತಿದ ಬೆಳ್ಳಿಯ ನಾಣ್ಯಗಳನ್ನು ವೃದ್ಧರಿಗೆ ಹಂಚುತ್ತಾರೆ. ದಾನಾಧಿಕಾರಿಯು ಮಾತ್ರ ಆ ಉತ್ಸವದಲ್ಲಿ ಇಂದಿಗೂ ನಾರುಬಟ್ಟೆಯ ಅಂಗವಸ್ತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು ನಿಲ್ಲುತ್ತಾನೆ. ನೀರು ಹೋಗಿ ಬಟ್ಟೆ ಉಳಿದುಕೊಂಡಿದೆ. ಇದನ್ನು ಪರಿಹಾಸಕ್ಕಾಗಿ ಹೇಳುತ್ತಿಲ್ಲ; ಆಳವಾದ ಸಂಗತಿಗಳು ಆಚಾರವಾಗಿ ಮೇಲಕ್ಕೆ ತೇಲಿಬರುವ ಬಗೆ ಎಲ್ಲ ಧರ್ಮಗಳಲ್ಲಿಯೂ ಹೀಗೆಯೇ.

ಆದರೆ ಒಮ್ಮೊಮ್ಮೆ ಆಚಾರದೊಳಕ್ಕೆ ನೀರು ಮತ್ತೆ ಹರಿದುಬರುತ್ತದೆ. 2013ನೆಯ ಇಸವಿಯ ಮಾರ್ಚ್ 28ರ ಪವಿತ್ರ ಗುರುವಾರ, ಅದೇ ತಿಂಗಳು ಪೀಠವನ್ನೇರಿದ್ದ ಪೋಪ್ ಫ್ರಾನ್ಸಿಸರು ರೋಮಿನ ದೊಡ್ಡ ದೇವಾಲಯಗಳನ್ನು ಬಿಟ್ಟು, ಕಾಸಲ್ ದೆಲ್ ಮಾರ್ಮೊ ಎಂಬ ಕಿರಿಯ ಅಪರಾಧಿಗಳ ಬಂದೀಖಾನೆಗೆ ಹೋಗಿ ಅಲ್ಲಿನ 12 ಮಂದಿಯ ಕಾಲು ತೊಳೆದರು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು, ಮುಸಲ್ಮಾನರೂ ಇದ್ದರು. ಅದುವರೆಗಿನ ವಿಧಿಯ ಪ್ರಕಾರ ಗಂಡಸರ ಕಾಲನ್ನು ಮಾತ್ರ ತೊಳೆಯಬೇಕಾಗಿತ್ತು. 2016ರಲ್ಲಿ ಆ ವಿಧಿಯನ್ನೇ ತಿದ್ದಿದರು. 2025ರ ಏಪ್ರಿಲ್ ತಿಂಗಳಲ್ಲಿ, ತಮ್ಮ ಮರಣಕ್ಕೆ ನಾಲ್ಕು ದಿನ ಮುಂಚೆ, ಅದೇ ಗುರುವಾರದಂದು ಅವರು ರೋಮಿನ ರೆಜಿನಾ ಚೇಲಿ ಬಂದೀಖಾನೆಗೆ ಹೋದರು. ಆಗ ಬಾಗಿ ಕಾಲು ತೊಳೆಯುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಬರಿಯ ಹತ್ತಿರ ಹೋಗಿ ಕುಳಿತು ಬಂದರು.

ಇನ್ನು ಕಡೆಯ ಮಾತು. ಅದು ನಮ್ಮ ದೇಶಕ್ಕೆ ವಿಶೇಷವಾಗಿ ಸಲ್ಲತಕ್ಕದ್ದು. ಮತ್ತೊಬ್ಬರ ಕೊಳೆಯನ್ನು ಮುಟ್ಟಿ ತೊಳೆಯುವ ಕೈಯನ್ನು ಕೀಳೆಂದು ನಾವು ಶತಮಾನಗಳ ಕಾಲ ಎಣಿಸಿಕೊಂಡು ಬಂದೆವು. ಕೊಳೆ ನಮ್ಮದು, ಮೈಲಿಗೆ ಮಾತ್ರ ತೊಳೆದವನಿಗೆ! 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಮಲ ಹೊರುವ ಕೆಲಸಕ್ಕೆ ಮನುಷ್ಯರನ್ನು ಹಚ್ಚಕೂಡದೆಂದು 2013ರಲ್ಲಿ ಮತ್ತೊಂದು ಶಾಸನವೇ ಆಗಬೇಕಾಯಿತು. ಕ್ರೈಸ್ತ ಸಮಾಜವೂ ಈ ನಾಡಿನಲ್ಲಿ ಈ ದೋಷದಿಂದ ದೂರ ಉಳಿಯಲಿಲ್ಲ. ಒಂದೇ ಬೋಗುಣಿಯ ಕಥೆಯನ್ನು ವರ್ಷ ವರ್ಷವೂ ಕೇಳಿದ ಜನರೇ ಬೇರೆ ಬೇರೆ ಸಾಲುಗಳಲ್ಲಿ ಕುಳಿತದ್ದುಂಟು. ಶಾಸನವು ಕೈಯನ್ನು ಕಟ್ಟಬಲ್ಲದು. ಮನಸ್ಸಿನ ಜಿಗುಪ್ಸೆಯನ್ನು ಕಳೆಯಲು ಬೇರೊಂದು ಬೇಕು. ಜಗತ್ತಿನ ಒಡೆಯನು ಕೊಳೆಯ ಕೆಲಸಕ್ಕೆ ಕೈಯಿಟ್ಟನೆಂದು ಯಾರು ನಂಬುತ್ತಾರೋ, ಅವರು ಆ ಕೆಲಸದ ಕೈಗಳನ್ನು ನೋಡಿ ಮೂಗು ಮುರಿದರೆ ತಮ್ಮ ದೇವರನ್ನೇ ನೋಡಿ ಮೂಗು ಮುರಿದಂತಾಗುತ್ತದೆ. ಬೀದಿ ಗುಡಿಸುವವರಿಗೆ, ಆಸ್ಪತ್ರೆಯಲ್ಲಿ ರೋಗಿಗಳ ಮೈ ತೊಳೆಯುವವರಿಗೆ, ನಮ್ಮ ಮನೆಯ ಮುಸುರೆ ತಿಕ್ಕುವವರಿಗೆ ನಾವು ಕೊಡುವ ಸಂಬಳದಲ್ಲಿ, ಆಡುವ ಮಾತಿನಲ್ಲಿ, ಕುಡಿಯಲು ಕೊಡುವ ಲೋಟದಲ್ಲಿ ಈ ನಂಬಿಕೆಯ ನಿಜ ಗೊತ್ತಾಗುತ್ತದೆ.

ದೇವರ ಪ್ರೀತಿಯ ಆಳಕ್ಕೆ ಹಗ್ಗವನ್ನು ಇಳಿಬಿಟ್ಟು ನೋಡೋಣವೆಂದು ಹೊರಟೆವು. ಅದು ಗುರುಪೀಠವನ್ನು ದಾಟಿತು, ಗುಲಾಮನ ಸ್ಥಾನವನ್ನು ದಾಟಿತು, ದ್ರೋಹಿಯ ಹಿಮ್ಮಡಿಯನ್ನೂ ದಾಟಿ ಇಳಿಯಿತು, ತಳ ಸಿಕ್ಕಲಿಲ್ಲ. ಮನುಷ್ಯನು ಎಷ್ಟು ಕೆಳಗೆ ಬಿದ್ದರೂ ಅವನಿಗಿಂತ ಒಂದು ಮೊಳ ಕೆಳಗೆ, ಕಾಲಿನ ಬಳಿಯಲ್ಲಿ, ಆತನು ಆಗಲೇ ಕುಳಿತಿರುತ್ತಾನೆ ಎಂಬುದೇ ಈ ಕಥೆಯ ಸಾರ. ನಾವು ತಪ್ಪು ಮಾಡಿದವರಿರಬಹುದು, ಮುಪ್ಪಿನಿಂದಲೋ ರೋಗದಿಂದಲೋ ಯಾರಿಗೂ ಬೇಡವಾದೆವೆಂದು ನೊಂದವರಿರಬಹುದು. ಈ ಮಾತು ನಮ್ಮೆಲ್ಲರಿಗೂ ಸಲ್ಲುತ್ತದೆ. ಹೀಗಿರುವಾಗ ಈ ನಲವತ್ತು ದಿನಗಳಲ್ಲಿ ಮಾಡಬೇಕಾದ ತಪಸ್ಸು ಎರಡೇ. ಸಂಕೋಚವನ್ನು ಬಿಟ್ಟು ಆ ಪ್ರೀತಿಗೆ ಕಾಲು ಚಾಚುವುದು ಒಂದು. ಹಾಗೆ ತೊಳೆಯಿಸಿಕೊಂಡ ಕಾಲಿನಲ್ಲಿ ಎದ್ದು ಹೋಗಿ, ನಮಗಿಂತ ಕೆಳಗಿನವರೆಂದು ನಾವೆಣಿಸಿದ ಯಾರಾದರೊಬ್ಬರ ಮುಂದೆ ಬಾಗುವುದು ಇನ್ನೊಂದು. ಮೊದಲನೆಯದು ಕಷ್ಟ, ಅದು ಕೈಗೂಡಿದವರಿಗೆ ಎರಡನೆಯದು ಅಷ್ಟು ಕಷ್ಟವಾಗಲಾರದು.